ಸೊನ್ನೆಯಕ್ಕ ತಿದ್ದಿದ ಫಾರಂ

ಸಮೀಕ್ಷೆಯ ಆಫೀಸಿನಲ್ಲಿ ಅವಳಿಗೆ ಸೊನ್ನೆಯಕ್ಕ ಅಂತ ಹೆಸರು. ಇಟ್ಟವರಿಗೆ ಕೆಟ್ಟ ಬುದ್ಧಿಯೇನೂ ಇರಲಿಲ್ಲ, ಹಾಗಂತ ಮುದ್ದು ಮಾಡಿ ಇಟ್ಟದ್ದೂ ಅಲ್ಲ. ಮನೆಮನೆಗೆ ಹೋಗಿ ಪ್ರಶ್ನೆ ಕೇಳುವುದು ಅವಳ ಕೆಲಸ. ಗಂಡ ಹೆಂಡತಿ ಹೇಗಿದ್ದಾರೆ, ಮಾತು ಬಿಟ್ಟಿದ್ದಾರಾ, ಕಳೆದ ಏಳು ದಿನದಲ್ಲಿ ಅಪ್ಪನಾದವನು ಮಗುವಿನ ಜೊತೆ ಎಷ್ಟು ದಿನ ಕೂತು ಉಂಡ, ಎಷ್ಟು ದಿನ ಪಾಠ ನೋಡಿದ, ಎಷ್ಟು ದಿನ ಸುಮ್ಮನೆ ಹರಟೆ ಹೊಡೆದ. ಇದಕ್ಕೆಲ್ಲ ಉತ್ತರ ಕೊಡಬೇಕಾದವಳು ತಾಯಿ; ಅಪ್ಪಂದಿರು ಹಗಲಲ್ಲಿ ಮನೆಯಲ್ಲಿ ಸಿಗುವುದು ಅಷ್ಟರಲ್ಲೇ ಇದೆ. ಸೊನ್ನೆಯಿಂದ ಏಳರವರೆಗೆ ದಿನದ ಲೆಕ್ಕ. ತಾಯಿ ಸರಿಯಾಗಿ ಗೊತ್ತಿಲ್ಲ ಅಂದರೆ ಎಂಟು ಬರೆಯಬೇಕು. ನಮ್ಮ ಅಕ್ಕನಿಗೆ ಈ ಎಂಟು ಕಂಡರೆ ಆಗುತ್ತಿರಲಿಲ್ಲ.

"ಗೊತ್ತಿಲ್ಲ ಅಂದ್ರೆ ಏನಮ್ಮ? ಮಾಡಿದ್ರೆ ನಿಮ್ಮ ಕಣ್ಣಿಗೆ ಬೀಳ್ತಿರಲಿಲ್ವಾ?" ಅಂತ ಕೇಳಿ, ಆ ತಾಯಿ "ಅದೂ ಹೌದು" ಅನ್ನುವಷ್ಟರಲ್ಲಿ ಸೊನ್ನೆ ಸುತ್ತಿಬಿಡುತ್ತಿದ್ದಳು. ಅವಳ ಫಾರಂಗಳ ಕಟ್ಟು ಬಿಚ್ಚಿ ನೋಡಿದರೆ ಊರಿನ ಅಪ್ಪಂದಿರೆಲ್ಲ ಶುದ್ಧ ಅಬ್ಬೇಪಾರಿಗಳು.

ಅವಳ ಸಿಟ್ಟಿಗೆ ಕಾರಣವಿತ್ತು, ಇಲ್ಲ ಅನ್ನಲಾಗದು. ಗಂಡ ಲಿಫ್ಟ್ ರಿಪೇರಿಯವನು. ಬೇರೆಯಾಗಿ ಎರಡು ವರ್ಷ. ಭಾನುವಾರ ಬಂದು ಮಗಳನ್ನು ನೋಡಿಕೊಂಡು ಹೋಗುವುದು ಅಂತ ಮಾತಾಗಿತ್ತು. ಒಮ್ಮೆ ಎರಡು ಭಾನುವಾರ ಅವನು ಪತ್ತೆಯಿಲ್ಲ. ಹುಡುಗಿ ಶೂ ಹಾಕಿಕೊಂಡು ಸಂಜೆಯವರೆಗೂ ಮೆಟ್ಟಿಲ ಮೇಲೆ ಕೂತಿದ್ದಳು. ಮೂರನೆಯ ಭಾನುವಾರ ಅವನು ಬಂದಾಗ ಇವಳು ಬಾಗಿಲು ತೆಗೆಯಲಿಲ್ಲ. "ಇನ್ನು ಈ ಕಡೆ ತಲೆ ಹಾಕ್ಬೇಡ" ಎಂದಳು ಒಳಗಿನಿಂದಲೇ. ಅವನೂ ಹಾಕಲಿಲ್ಲ. ಅದಾಗಿ ಒಂದು ವರ್ಷ, ಮನೆಯಲ್ಲಿ ಅಪ್ಪನ ಸುದ್ದಿಯನ್ನು ಯಾರೂ ಎತ್ತಿಲ್ಲ.

ಈಗ ಅವಳಿಗೆ ಬೇರೆ ಊರಿನಲ್ಲಿ ಮೇಲ್ವಿಚಾರಕಿಯ ಕೆಲಸ ಬಂದಿತ್ತು. ರೈಲಿನಲ್ಲಿ ಒಂದು ಹಗಲಿನ ದಾರಿ. ಶುಕ್ರವಾರದೊಳಗೆ ಹೂಂ ಅಥವಾ ಊಹೂಂ ಹೇಳಬೇಕು. "ಇಲ್ಲಿ ನಮಗೆ ಯಾರಿದ್ದಾರೆ ಹೇಳು, ಪುಟ್ಟಿ?" ಅಂದಿದ್ದಳು ಮಗಳಿಗೆ. ಹನ್ನೊಂದರ ಹುಡುಗಿ ತಲೆಯಾಡಿಸಿ ಪೆನ್ಸಿಲ್ ಕೆತ್ತುತ್ತ ಕೂತಳು. ಈಚೆಗೆ ಅದಕ್ಕೆ ಹಸಿವೂ ಜಾಸ್ತಿ. ಊಟದ ಡಬ್ಬಿ ಎಷ್ಟು ತುಂಬಿಸಿದರೂ ಸಾಲದು. ಬೆಳೆಯೋ ವಯಸ್ಸು ಅಂತ ತಾಯಿ ಹಿಗ್ಗಿ ದೊಡ್ಡ ಡಬ್ಬಿಯನ್ನೇ ತಂದುಕೊಟ್ಟಿದ್ದಳು.

ಎರಡು ವಾರದ ಹಿಂದೆ, ಯಾವ ಮನೆಗಳಿಗೆ ಹೋಗಬೇಕು ಅಂತ ಆಫೀಸಿನಲ್ಲಿ ಚೀಟಿ ಎತ್ತಿದಾಗ ಇವಳ ಮನೆಯ ನಂಬರೇ ಬಂತು. ನಮ್ಮ ಮನೆಗೆ ನಾವೇ ಪ್ರಶ್ನೆ ಕೇಳುವ ಹಾಗಿಲ್ಲವಲ್ಲ, ಕನ್ನಡಕದ ಹುಡುಗಿಯೊಬ್ಬಳು ಬಂದಳು, ಜೊತೆಯಲ್ಲೇ ಕೆಲಸ ಮಾಡುವವಳು. ಅಕ್ಕ ಒಂದೇ ಉಸಿರಿಗೆ ಸೊನ್ನೆ, ಸೊನ್ನೆ, ಸೊನ್ನೆ ಅಂತ ಬರೆಸಿ ಮುಗಿಸಿದಳು. ಆಮೇಲೆ ಕನ್ನಡಕದವಳು ಮಗುವಿನ ಫಾರಂ ತುಂಬಲು ಮಗಳನ್ನು ಒಳಕೋಣೆಗೆ ಕರೆದುಕೊಂಡು ಹೋದಳು. ಬಾಗಿಲು ಮುಚ್ಚುವ ಮೊದಲು ಎಲ್ಲ ಮಕ್ಕಳಿಗೂ ಹೇಳುವ ಮಾತನ್ನೇ ಹೇಳಿದಳು: "ನೀನು ಹೇಳಿದ್ದು ನಿಮ್ಮ ಮನೇಲಿ ಯಾರಿಗೂ ಗೊತ್ತಾಗಲ್ಲ, ಆಯ್ತಾ?"

ಬುಧವಾರ ತಾಳೆ ನೋಡುವ ಕೆಲಸ. ಒಂದೊಂದು ಮನೆಯ ತಾಯಿಯ ಫಾರಂ, ಮಗುವಿನ ಫಾರಂ ಅಕ್ಕಪಕ್ಕ ಇಟ್ಟುಕೊಂಡು ವ್ಯತ್ಯಾಸ ಗುರುತಿಸಬೇಕು. ತಮ್ಮ ಬೀದಿಯ ಕಟ್ಟು ತಮ್ಮ ಕೈಗೆ ಬರಬಾರದು ಅಂತ ನಿಯಮ. ಆದರೆ ಹಂಚುವ ಗುಮಾಸ್ತ ರಜೆಯಲ್ಲಿದ್ದ, ಬದಲಿಗೆ ಬಂದವನು ಕೈಗೆ ಸಿಕ್ಕಿದ್ದನ್ನು ಮುಂದಿಟ್ಟು ಹೋದ. ಫಾರಂ ಮೇಲೆ ಹೆಸರಿರುವುದಿಲ್ಲ, ಮನೆಯ ನಂಬರ್ ಮಾತ್ರ. ನಾಲ್ಕನೆಯ ಜೋಡಿಯಲ್ಲಿ ಅವಳಿಗೆ ತನ್ನದೇ ನಂಬರ್ ಕಂಡಿತು. ಎದ್ದು ಹೋಗಿ ವಾಪಸ್ ಕೊಡಬೇಕಿತ್ತು. ಕೊಡಲಿಲ್ಲ. ಯಾವ ತಾಯಿ ಕೊಡುತ್ತಿದ್ದಳು, ನೀವೇ ಹೇಳಿ.

ಅಪ್ಪ ಮಾತಾಡಿಸಿದ ದಿನ: ಐದು. ಜೊತೆಗೆ ಕೂತು ಉಂಡ ದಿನ: ಐದು. ಎಲ್ಲಿ: ಶಾಲೆಯ ಹಿಂದಿನ ಗೇಟ್ ಹತ್ತಿರ, ಮಧ್ಯಾಹ್ನದ ಬಿಡುವಿನಲ್ಲಿ. ಏನು ಮಾಡುತ್ತೀರಿ: ನನ್ನ ಡಬ್ಬಿ ಇಬ್ಬರೂ ಹಂಚ್ಕೊಂಡು ತಿಂತೀವಿ, ಅಪ್ಪ ಲೆಕ್ಕ ಹೇಳ್ಕೊಡ್ತಾರೆ. ಎಷ್ಟು ದಿನದಿಂದ: ಒಂದು ವರ್ಷದಿಂದ. ಕೊನೆಯ ಪ್ರಶ್ನೆ, ಮನೆಯಲ್ಲಿ ಯಾರ ಹತ್ತಿರವಾದರೂ ಮಾತಾಡಲು ಹೆದರಿಕೆಯಾಗುತ್ತದೆಯೇ, ಯಾರ ಹತ್ತಿರ? ಅದರ ಮುಂದೆ ಕನ್ನಡಕದವಳ ಗುಂಡು ಅಕ್ಷರ: ಅಮ್ಮನ ಹತ್ರ.

ಅವಳು ಮೊದಲು ಉರಿದದ್ದು ಗಂಡನ ಮೇಲೆ. ಕಳ್ಳ, ಕೂಸಿನ ಡಬ್ಬಿಗೆ ಕೈ ಹಾಕೋಕೆ ನಾಚಿಕೆ ಬೇಡ್ವಾ! ಆಮೇಲೆ ಕನ್ನಡಕದವಳ ಮೇಲೆ, ಎರಡು ವಾರ ಪಕ್ಕದಲ್ಲೇ ಕೂತು ಚಹಾ ಕುಡಿದಳಲ್ಲ, ಒಂದು ಮಾತು ಹೇಳಬಾರದಿತ್ತಾ! ಆಮೇಲೆ ಬೈಯಲು ಯಾರೂ ಉಳಿಯಲಿಲ್ಲ. ಹೊಟ್ಟೆಯಲ್ಲಿ ಹುಟ್ಟಿದ ಮಗು ವರ್ಷವಿಡೀ ತನಗೆ ಹೆದರಿಕೊಂಡು ಬದುಕಿದೆ.

ಪಕ್ಕದಲ್ಲಿದ್ದ ಕನ್ನಡಕದವಳು ತಲೆಯೆತ್ತಿ, ತಾನು ಬರೆದ ಫಾರಂ ನೋಡಿ ಬಿಳುಚಿಕೊಂಡಳು. "ಅಕ್ಕಾ, ಅದು ನಿಮ್ಮ ಕೈಗೆ ಹೇಗೆ ಬಂತು?"

"ಬಂತು."

"ಮಗೂಗೆ ಮಾತು ಕೊಟ್ಟಿದ್ದೀನಿ ಅಕ್ಕ. ನೀವು ಮನೇಲಿ ಬಾಯಿ ಬಿಟ್ರೆ, ಅದು ಇನ್ಯಾರನ್ನೂ ನಂಬಲ್ಲ."

"ಗೊತ್ತು ಕಣೇ. ಆ ಮಾತನ್ನ ದಿನಾ ಹತ್ತು ಮನೇಲಿ ನಾನೂ ಹೇಳ್ತೀನಿ."

ಎರಡು ಫಾರಂ ತಾಳೆಯಾಗದಿದ್ದರೆ ತಾಯಿಯ ಮಾತೇ ಲೆಕ್ಕಕ್ಕೆ, ಮಗುವಿನದು ಪಕ್ಕಕ್ಕೆ. ಇದೂ ನಿಯಮವೇ. ಆದರೆ ಉತ್ತರ ಕೊಟ್ಟವರು ತಮ್ಮ ಉತ್ತರವನ್ನು ತಿದ್ದಿ ಸಹಿ ಹಾಕಬಹುದು. ಅವಳು ತನ್ನ ಸೊನ್ನೆಗಳನ್ನು ಒಂದೊಂದಾಗಿ ಹೊಡೆದು ಹಾಕಿದಳು. ಮಗಳು ಬರೆಸಿದ ಐದನ್ನು ಬರೆಯಲು ಅವಳಿಗೆ ಹಕ್ಕಿರಲಿಲ್ಲ. ಎಲ್ಲ ಕಡೆ ಎಂಟು ಬರೆದಳು. ಎಷ್ಟು ತಾಯಂದಿರ ಬಾಯಿಂದ ಈ ಎಂಟನ್ನು ಕಿತ್ತುಕೊಂಡಿದ್ದೆನೋ ಅಂತ ನೆನೆಯುತ್ತಲೇ ಸಹಿ ಹಾಕಿದಳು.

ಸಂಜೆ ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಆ ಊರಿಗೆ ಹೋಗೋಣ್ವಾ ಪುಟ್ಟಿ? ಇಷ್ಟ ಇಲ್ಲ ಅಂದ್ರೆ ಇಲ್ಲ ಅನ್ನು. ನಾನೇನೂ ಅಂದ್ಕೊಳ್ಳಲ್ಲ."

ಮಗಳು ಮೊದಲು ಅಮ್ಮನ ಮುಖ ನೋಡಿದಳು. ಉತ್ತರ ಕೊಡುವ ಮುಂಚೆ ಗಂಡನ ಕಡೆ ಹೀಗೆ ನೋಡುವ ಹೆಂಗಸರನ್ನು ಅಕ್ಕ ಕೆಲವು ಮನೆಗಳಲ್ಲಿ ಕಂಡಿದ್ದಳು, ಕಂಡು ಅಯ್ಯೋ ಪಾಪ ಅಂದಿದ್ದಳು.

"ನಿಂಗೆ ಹೇಗೆ ಬೇಕೋ ಹಾಗೆ ಅಮ್ಮ."

"ನಾನು ಬರಲ್ಲ ಅಂತ ಹೇಳ್ಬಿಟ್ಟೆ. ಅಲ್ಲಿ ಬಾಡಿಗೆ ಮನೆ ಸಿಗೋದು ಕಷ್ಟ ಅಂತೆ." ಮನೆಯ ಮಾತು ಸುಳ್ಳು, ಅಪ್ಪಟ ಸುಳ್ಳು.

"ಹೂಂ" ಅಂದು ಹುಡುಗಿ ಪುಸ್ತಕದ ಮೇಲೆ ಬಗ್ಗಿತು. ತುಂಬ ಹೊತ್ತು ಹಾಳೆ ಮಗುಚಲಿಲ್ಲ. ಒಂದೆರಡು ಸಲ ಮೂಗೆಳೆದ ಸದ್ದು ಕೇಳಿಸಿತು, ಅಷ್ಟೇ.

ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ಯೂನಿಫಾರಂ ಹಾಕಿಕೊಂಡು ನಿಂತಿತ್ತು. "ಅಮ್ಮಾ, ಇವತ್ತು ಸ್ವಲ್ಪ ಜಾಸ್ತಿ ಹಾಕ್ತೀಯಾ? ತುಂಬಾ ಹಸಿವಾಗುತ್ತೆ."

ಮುಚ್ಚಳ ಕೂರದಷ್ಟು ತುಂಬಿದಳು. ಚಮಚ ಇಡುವಾಗ ಕೈ ತಾನಾಗಿಯೇ ಎರಡು ಚಮಚ ತೆಗೆಯಿತು. ತಿರುಗಿ ನೋಡಿದರೆ ಮಗಳ ಕಣ್ಣು ಆ ಚಮಚಗಳ ಮೇಲೆ, ಮುಖದಲ್ಲಿ ರಕ್ತವಿಲ್ಲ.

"ಹಾಳಾದ್ದು, ಒಂದಕ್ಕೊಂದು ಅಂಟ್ಕೊಂಡು ಬಂತು ನೋಡು" ಅಂದು ಅವಳು ಒಂದನ್ನು ಡಬ್ಬಿಯಲ್ಲಿಟ್ಟು, ಇನ್ನೊಂದನ್ನು ತಿರುಗಿ ಸ್ಟ್ಯಾಂಡಿಗೆ ಹಾಕಿದಳು. ಮಗಳು ಡಬ್ಬಿ ಬ್ಯಾಗಿಗೆ ಸೇರಿಸಿಕೊಂಡು, ಎಂದಿನ ಹಾಗೆ ಬೇಗಬೇಗ ಮೆಟ್ಟಿಲಿಳಿದು ಹೋದಳು.