ಅಪ್ಪನ ಎಲೆಯ ಬದಿಗೊಂದು ಅಮೆರಿಕದ ಬಿಯರು

ಐಸಿನ ನೀರಿನಲ್ಲಿ ಮುಳುಗಿಸಿಟ್ಟ ಬಿಯರಿನ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರೆ, ಕತಾರಿನ ಸೆಕೆಗೆ ಎರಡೇ ನಿಮಿಷದಲ್ಲಿ ಅದರ ಮೈಯಿಂದ ಬೆವರು ಹರಿಯತೊಡಗುತ್ತದೆ. ಬಿಸಿಲಿನಲ್ಲಿ ದುಡಿದು ಬಂದ ನಮಗಿಂತ ಹೆಚ್ಚು ಬೆವರುವ ಆ ಡಬ್ಬಿಯನ್ನು ನೋಡಿದಾಗಲೆಲ್ಲ ಇದೂ ನಮ್ಮ ಹಾಗೆ ಮೈಮುರಿದು ದುಡಿಯುವವರ ಬಳಗದ್ದೇ ಇರಬೇಕು ಎಂದು ನನಗೆ ಅನ್ನಿಸುತ್ತಿತ್ತು. ದೊಡ್ಡವರು ಗ್ಲಾಸನ್ನು ಓರೆ ಹಿಡಿದು, ಮೂಸಿ, ಕಣ್ಣು ಮುಚ್ಚಿ ಕುಡಿಯುವ ಬಿಯರಿನ ವಿಷಯ ಅಲ್ಲ ನಾನು ಹೇಳುತ್ತಿರುವುದು. ಅಮೆರಿಕದ ಅಗ್ಗದ ಲಾಗರ್, ಒಣಹುಲ್ಲಿನ ಬಣ್ಣದ್ದು, ತೆಳ್ಳಗಿನದು, ಗಂಟಲಿನಲ್ಲಿ ಜಗಳ ಮಾಡದೆ ಇಳಿದುಹೋಗುವಂಥದ್ದು. ಅದನ್ನು ಬಾಯಿತುಂಬ ಹೊಗಳಬೇಕೆಂದು ಎಷ್ಟೋ ವರ್ಷಗಳಿಂದ ಆಸೆಯಿದ್ದರೂ, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟವನ ಹೊಗಳಿಕೆಗೆ ಏನು ಬೆಲೆ ಎಂಬ ಅಂಜಿಕೆಯಲ್ಲಿ ಸುಮ್ಮನಿದ್ದೆ. ಈಗ ಹಾಗಿಲ್ಲ. ನನಗೆ ಮೊಮ್ಮಗಳು ಹುಟ್ಟಿದ್ದಾಳೆ. ಎಂಟು ತಿಂಗಳ ಆ ಪುಟ್ಟಿ ನನ್ನ ಮೂಗನ್ನು ಮುಷ್ಟಿಯಲ್ಲಿ ಹಿಡಿದು ಎಳೆದ ದಿನವೇ ನನ್ನ ಅಂಜಿಕೆಯೆಲ್ಲ ಕಿತ್ತುಹೋಯಿತು.

ಕತಾರಿನ ಅಲ್ ಖೋರ್‌ನಲ್ಲಿ ನಾನು ಇಪ್ಪತ್ತೆರಡು ವರ್ಷ ಇದ್ದೆ. ಬೆಳಿಗ್ಗೆ ಕಂಪನಿ ಬಸ್ಸಿನಲ್ಲಿ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗೆ ಹೋಗಿ, ಆಕಾಶಕ್ಕೆ ಚಾಚಿದ ಪೈಪುಗಳ ಸುತ್ತ ಕಬ್ಬಿಣದ ಅಟ್ಟಣಿಗೆ ಕಟ್ಟುವುದು ನನ್ನ ಕೆಲಸ. ಸ್ಕ್ಯಾಫೋಲ್ಡಿಂಗ್ ಎನ್ನುತ್ತಾರಲ್ಲ, ಅದು. ಹತ್ತುವುದು ನನಗೆ ಯಾರೂ ಕಲಿಸಿದ ವಿದ್ಯೆಯಲ್ಲ; ನನ್ನ ಅಪ್ಪ ಉಡುಪಿಯ ಕಡೆ ಕಳ್ಳು ಇಳಿಸುತ್ತಿದ್ದವರು, ದಿನಕ್ಕೆ ಎರಡು ಸಲ ಇಪ್ಪತ್ತು ಮರ ಹತ್ತಿ ಇಳಿದ ಕಾಲುಗಳು ಅವರವು. ಅವು ತಾಳೆಮರ ಬಿಟ್ಟು ಕಬ್ಬಿಣದ ಮರಕ್ಕೆ ಬಂದವು, ಅಷ್ಟೇ ವ್ಯತ್ಯಾಸ.

ನಮ್ಮ ಫೋರ್‌ಮನ್ ಡೇಲ್ ಎಂಬ ಅಮೆರಿಕದ ಮುದುಕ. ಮರುದಿನ ರಜೆಯಿರುವ ಗುರುವಾರ ಸಂಜೆ ಕೆಲವೊಮ್ಮೆ ತನ್ನ ವಿಲ್ಲಾದ ಹಿಂದಿನ ಅಂಗಳಕ್ಕೆ ಕರೆದು ಕೈಗೊಂದು ಡಬ್ಬಿ ಕೊಡುತ್ತಿದ್ದ. ಮೊದಲ ಸಲ ಕುಡಿದಾಗ ನಾನು ಡಬ್ಬಿಯನ್ನು ಕೆಳಗಿಟ್ಟು ಅವನ ಮುಖ ನೋಡಿದೆ. ಬೆಳಗಿನ ಕಳ್ಳು ಮರದಿಂದ ಇಳಿದು ಒಂದು ಗಂಟೆಯಾದ ಮೇಲೆ ಇರುತ್ತದಲ್ಲ, ಸಿಹಿ ಪೂರ್ತಿ ಹೋಗದೆ, ಹುಳಿ ಪೂರ್ತಿ ಬಾರದೆ, ನಾಲಿಗೆಯ ಮೇಲೆ ಸಣ್ಣಗೆ ಚುರುಗುಟ್ಟುವ ಹೊತ್ತು, ಅದರ ದೂರದ ನೆಂಟನ ಹಾಗಿತ್ತು ಅದು. ಹರುಕು ಇಂಗ್ಲಿಷಿನಲ್ಲಿ, ಕೈಸನ್ನೆಯಲ್ಲಿ ಕೇಳಿದೆ, ಇದಕ್ಕೆ ಎಂತ ಹಾಕ್ತಾರೆ ಎಂದು.

"ಬಾರ್ಲಿ. ಜೊತೆಗೆ ಅಕ್ಕಿ," ಎಂದ ಡೇಲ್. "ಅಂಗಳದ ಹುಲ್ಲು ಕತ್ತರಿಸಿ ಬಂದ ಮೇಲೆ ಕುಡಿಯುವುದು ಇದು, ಬಾಬು. ಹೊಗಳುವುದಕ್ಕಲ್ಲ."

ಅಕ್ಕಿ ಎಂದ ಮೇಲೆ ನಮ್ಮ ಮನೆಯದೇ ಆಯಿತಲ್ಲ. ಅವನ ಜೊತೆ ಬರುತ್ತಿದ್ದ ಇಂಗ್ಲೆಂಡಿನ ಎಂಜಿನಿಯರ್ ಒಬ್ಬ, ಇದು ಬಿಯರಲ್ಲ, ಬಿಯರಿನ ಪಾತ್ರೆ ತೊಳೆದ ನೀರು ಎಂದು ನಗುತ್ತಿದ್ದ. ಇರಬಹುದು. ಆದರೆ ನೀವೇ ಹೇಳಿ, ಕಬ್ಬಿಣ ಮುಟ್ಟಿದರೆ ಕೈ ಸುಡುವ ಬಿಸಿಲಿನಲ್ಲಿ ದಿನವಿಡೀ ನಿಂತವನಿಗೆ ಮೊದಲು ಬೇಕಾದದ್ದು ನೀರೇ ಅಲ್ಲವೇ? ಆ ನೀರು ಸ್ವಲ್ಪ ನಕ್ಕರೆ, ಸ್ವಲ್ಪ ನೊರೆಯಾಡಿದರೆ ಯಾರಿಗೆ ನಷ್ಟ? ದುಬಾರಿಯದು ತನ್ನನ್ನೇ ನೋಡು ಎನ್ನುತ್ತದೆ. ಅಗ್ಗದ ಈ ಬಿಯರು ಎದುರು ಕೂತವನನ್ನು ನೋಡಲು ಬಿಡುತ್ತದೆ. ಡೇಲ್ ತನ್ನ ಊರಿನ ಹೊಳೆಯ ವಿಷಯ ಹೇಳುತ್ತಿದ್ದ, ನಾನು ನಮ್ಮ ಹೊಳೆಯದ್ದು. ಒಂದು ಡಬ್ಬಿ ಮುಗಿಯುವುದರೊಳಗೆ ಎರಡೂ ಹೊಳೆ ಒಂದೇ ಸಮುದ್ರಕ್ಕೆ ಸೇರಿಬಿಡುತ್ತಿದ್ದವು.

ನಾನು ಬಂದ ಎರಡನೆಯ ವರ್ಷ ಅಪ್ಪ ತೀರಿಕೊಂಡರು. ರಜೆಗೆ ಇನ್ನೂ ಹೊತ್ತಿತ್ತು, ಹೋಗಲಾಗಲಿಲ್ಲ. ಆ ಗುರುವಾರ ಡೇಲ್ ಕೊಟ್ಟ ಡಬ್ಬಿಯ ಮೊದಲ ಗುಟುಕನ್ನು ಅವನ ಅಂಗಳದ ಮರಳಿಗೆ ಸುರಿದೆ. ಅವನೂ ತನ್ನ ಡಬ್ಬಿಯಿಂದ ಅಷ್ಟೇ ಸುರಿದ. ಮರಳು ಎರಡನ್ನೂ ಒಂದೇ ಸಲಕ್ಕೆ ಹೀರಿತು. ಆಮೇಲಿನ ವರ್ಷಗಳಲ್ಲಿ ತುಳುವರ ಆಷಾಢವಾದ ಆಟಿ ತಿಂಗಳು ಬಂದಾಗ ನಾನು ಅಪ್ಪನಿಗೆ ಬಡಿಸಿದ್ದು ಅದನ್ನೇ.

ಬಡಿಸುವುದೆಂದರೆ ಏನು ಎಂದು ಕರಾವಳಿಯವರಲ್ಲದವರಿಗೆ ಹೇಳಬೇಕು. ತೀರಿಹೋದ ಹಿರಿಯರಿಗೆ ಆಟಿಯಲ್ಲಿ ಬಾಳೆಲೆ ಹಾಕಿ, ಅವರಿಗೆ ಇಷ್ಟವಾದ ಕೋಳಿಸಾರು, ರೊಟ್ಟಿ, ಪಕ್ಕದಲ್ಲಿ ಕಳ್ಳು ಇಟ್ಟು, ಬಾಗಿಲು ಮುಚ್ಚಿ ನಾವೆಲ್ಲ ಹೊರಗೆ ಕಾಯುವುದು. ಅವರು ಉಂಡಿರಬೇಕು ಎನ್ನುವಷ್ಟು ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಇದಕ್ಕೆ ಅಗೆಲು ಎನ್ನುತ್ತೇವೆ. ಕಳ್ಳು ಸಿಗದ ಊರಿನಲ್ಲಿ ಅದರ ದೂರದ ನೆಂಟನನ್ನು ಇಟ್ಟರೆ ಅಪ್ಪ ಬೇಡ ಎನ್ನಲಾರರು ಎಂದುಕೊಂಡಿದ್ದೆ.

ಕೆಲಸ ಬಿಟ್ಟು ಊರಿಗೆ ಹೋದವನು ಈ ಸಲ ಹೆಂಡತಿಯ ಜೊತೆ ಮತ್ತೆ ಕತಾರಿಗೆ ಬಂದದ್ದು ಪುಟ್ಟಿಯನ್ನು ನೋಡಲು. ಮಗ ಪ್ರಶಾಂತನ ಫ್ಲ್ಯಾಟು ದೋಹಾದ ಓಲ್ಡ್ ಏರ್‌ಪೋರ್ಟ್ ಕಡೆ. ನಾವಿರುವ ದಿನಗಳಲ್ಲೇ ಆಟಿ ಬಂತು. ಪುಟ್ಟಿಯನ್ನು ಒಮ್ಮೆ ಅಪ್ಪನಿಗೆ ತೋರಿಸಬೇಕು ಎಂಬ ಆಸೆ ನನ್ನೊಳಗೆ ಉಕ್ಕತೊಡಗಿತು. ವೀಸಾ ಮುಗಿಯಲು ಹತ್ತೇ ದಿನ. ಒಂದು ಊಟದ ಹೊತ್ತಿಗೆ ಮೆಲ್ಲಗೆ ಅಗೆಲಿನ ಮಾತು, ಅದರ ಜೊತೆಗೆ ಒಂದು ಡಬ್ಬಿ ಬಿಯರಿನ ಮಾತು ತೆಗೆದೆ.

ಸೊಸೆ ಸಹನಾ ಮೈಸೂರಿನವಳು, ಮೊಟ್ಟೆಯನ್ನೂ ಮುಟ್ಟದ ಮನೆಯವಳು. ಚಮಚ ಕೆಳಗಿಟ್ಟಳು.

"ಕೋಳಿ ಮಾಡ್ಕೊಳ್ಳಿ ಮಾವ. ನಾನು ಪಾತ್ರೆ ಬೇರೆ ಎತ್ತಿಡ್ತೀನಿ. ಬಿಯರ್ ಮಾತ್ರ ಈ ಮನೆಗೆ ಬೇಡ. ನಮ್ಮ ಚಿಕ್ಕಪ್ಪ ಕುಡಿದು ಹೇಗಾಗಿಹೋದ್ರು ಅಂತ ನಾನು ಕಣ್ಣಾರೆ ನೋಡಿದೀನಿ."

"ಖಲಾಸ್ ಅಪ್ಪ," ಎಂದ ಪ್ರಶಾಂತ. "ಬಿಯರ್ ತಗೊಳ್ಳೋ ನನ್ನ ಪರ್ಮಿಟ್ ಎಕ್ಸ್‌ಪೈರ್ ಆಗಿ ಎರಡು ವರ್ಷ ಆಯ್ತು. ಅವಳಿಗೆ ಇಷ್ಟ ಇಲ್ಲ ಅಂತ ಮತ್ತೆ ಮಾಡಿಸಲಿಲ್ಲ."

"ಒಂದು ಡಬ್ಬಿ ಮಾರಾಯ. ನನಗಲ್ಲ, ಅಪ್ಪನಿಗೆ."

"ಅಪ್ಪನ ಹೆಸರಿನಲ್ಲಿ ಎಷ್ಟು ಕುಡಿದಿದ್ದೀರಿ ಅಂತ ಅವರೂ ಲೆಕ್ಕ ಮರೆತಿರಬೇಕು," ಎಂದಳು ನನ್ನ ಹೆಂಡತಿ, ಪುಟ್ಟಿಗೆ ರಾಗಿ ಗಂಜಿ ತಿನ್ನಿಸುತ್ತ.

ನಾನು ನಕ್ಕು, ಎಳನೀರು ಇಡುವಾ ಬಿಡಿ ಎಂದೆ. ನಕ್ಕದ್ದು ಬಾಯಿ ಮಾತ್ರ. ಸಹನಾಳ ಮೇಲೆ ಸಿಟ್ಟಿರಲಿಲ್ಲ. ಕುಡಿತ ನೋಡಿ ಹೆದರಿದ ಹುಡುಗಿಯ ಹೆದರಿಕೆಗೆ ಕಾರಣವಿದೆ. ಆದರೆ ಈ ಮನೆಯಲ್ಲಿ ನನ್ನ ಅಪ್ಪನಿಗೆ ಜಾಗ ಅರ್ಧ ಎಲೆಯಷ್ಟೇ ಎಂದಾದರೆ, ನಾನು ಹೋದ ಮೇಲೆ ಅದೂ ಇರಲಾರದು, ಪುಟ್ಟಿಗೆ ಆಟಿ ಎಂದರೇನೆಂದೇ ಗೊತ್ತಾಗದೆ ಹೋಗಬಹುದು ಎಂಬ ಚಿಂತೆ ಬಟ್ಟಲಿನ ತಳಕ್ಕೆ ಅಂಟಿದ ಗಂಜಿಯ ಹಾಗೆ ಉಳಿಯಿತು.

ಅಗೆಲಿನ ದಿನ ಬೆಳಿಗ್ಗೆ ಕೋಳಿಸಾರು ಕುದಿಯುತ್ತಿರುವಾಗ ಸಹನಾ ಪುಟ್ಟಿಯನ್ನು ತಳ್ಳುಗಾಡಿಯಲ್ಲಿ ಕೂರಿಸಿಕೊಂಡು ಸೂಪರ್‌ಮಾರ್ಕೆಟ್‌ಗೆ ಹೋಗಿ ಬಂದಳು. ನೇರ ಅಡುಗೆಮನೆಗೆ ಬಂದವಳೇ ಡಯಾಪರ್ ಚೀಲದ ಅಡಿಯಿಂದ ಏನನ್ನೋ ತೆಗೆದು ನನ್ನ ಕೈಗಿಟ್ಟಳು. ಬಂಗಾರದ ಬಣ್ಣದ ಡಬ್ಬಿ, ಮೇಲೆ ಬಾರ್ಲಿಯ ತೆನೆ, ನೊರೆ ಉಕ್ಕುವ ಗ್ಲಾಸಿನ ಚಿತ್ರ.

"ತಗೊಳ್ಳಿ ಮಾವ. ಅವತ್ತು ಎಳನೀರು ಇಡೋಣ ಅಂದಿರಲ್ಲ, ಮನಸ್ಸು ತಡೀಲಿಲ್ಲ. ಕೌಂಟರಿನಲ್ಲಿ ಇದ್ದವನು ನನ್ನ ಮುಖ ನೋಡೋವಾಗ ಭೂಮಿಯೊಳಗೆ ಇಳಿದುಹೋದ ಹಾಗಾಯ್ತು. ಮಗೂನ ಜೊತೆಗಿಟ್ಕೊಂಡು ಬಿಯರ್ ತಗೋತಿದಾಳೆ ಅಂದ್ಕೊಂಡಿರ್ತಾನೆ."

ಕತಾರಿನ ಯಾವ ಸೂಪರ್‌ಮಾರ್ಕೆಟ್‌ನಲ್ಲೂ ಬಿಯರು ಸಿಗುವುದಿಲ್ಲ. ಪರ್ಮಿಟ್ ಇರುವವರು ಅದಕ್ಕೆಂದೇ ಇರುವ ಅಂಗಡಿಗೆ ಹೋಗಬೇಕು. ಕಪಾಟಿನಲ್ಲಿ ಸಾಲಾಗಿ ಇಟ್ಟಿರುವುದು ಅಮಲಿಲ್ಲದ ಬಾರ್ಲಿಯ ಪಾನಕ, ಮಕ್ಕಳೂ ಕುಡಿಯುತ್ತಾರೆ. ಕುಡಿಯುವ ಸೊಸೆಯಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಪರ್ಮಿಟ್ಟಿನ ಮಾತು ಕೇಳಿದ್ದರೂ ಡಬ್ಬಿಯ ಚಿತ್ರ ನಂಬುವುದು, ಜನ್ಮದಲ್ಲಿ ಬಿಯರು ಮುಟ್ಟದವಳಿಂದ ಮಾತ್ರ ಆಗುವ ತಪ್ಪು. ಇಂಗ್ಲಿಷು ಓದಲು ತಡವರಿಸುವ ನನಗೂ ಡಬ್ಬಿಯ ಮೂಲೆಯಲ್ಲಿದ್ದ ದಾಳಿಂಬೆಯ ಚಿತ್ರ ಕಾಣಿಸಿತು. ಅದನ್ನು ಹೆಬ್ಬೆರಳಿನಲ್ಲಿ ಮುಚ್ಚಿ ಹಿಡಿದು, "ಇದೇ ಮಗಳೇ," ಎಂದೆ.

ಮಲಗುವ ಕೋಣೆಯಲ್ಲಿ ಎಲೆ ಹಾಕಿದೆವು. ಸಹನಾ ತಾನೇ ಕೋಸಂಬರಿ ತಂದು ಎಲೆಯ ತುದಿಗೆ ಬಡಿಸಿದಳು. ನಾನು ಡಬ್ಬಿ ತೆರೆದು ಸ್ಟೀಲಿನ ಲೋಟಕ್ಕೆ ಸುರಿದಾಗ ಕೋಣೆಯಲ್ಲಿ ದಾಳಿಂಬೆಯ ಘಮ ಹಬ್ಬಿತು. ಪ್ರಶಾಂತ ಮೂಗು ಅರಳಿಸಿ ನನ್ನ ಕಡೆ ತಿರುಗಿದ. ಅವನ ಕಾಲನ್ನು ಮೆಲ್ಲಗೆ ತುಳಿದೆ. "ಅಪ್ಪಾ, ಇದು ನಿಮ್ಮ ಮೊಮ್ಮಗನ ಹೆಂಡತಿ ತಂದದ್ದು," ಎಂದು ತುಳುವಿನಲ್ಲಿ ಹೇಳಿ ಬಾಗಿಲು ಮುಚ್ಚಿದೆ.

ಹೊರಗೆ ಕಾಯುತ್ತ ಕೂತೆವು. ಪುಟ್ಟಿ ನನ್ನ ತೊಡೆಯಿಂದ ಜಾರಿ, ಅಂಬೆಗಾಲಿಡುತ್ತ ಹೋಗಿ, ಮುಚ್ಚಿದ ಬಾಗಿಲಿಗೆ ಎರಡೂ ಅಂಗೈಗಳಿಂದ ಬಡಿಯತೊಡಗಿದಳು. ಯಾರೂ ತಡೆಯಲಿಲ್ಲ. ತಟ್ಟಬೇಕಾದವರು ನಾವು, ಆ ಕೆಲಸವನ್ನು ಅವಳೇ ವಹಿಸಿಕೊಂಡಿದ್ದಳು. ಅವಳನ್ನೆತ್ತಿ ಒಳಗೆ ಹೋಗಿ ಎಲೆಯ ಮುಂದೆ ಕೂರಿಸಿದೆ.

ಊಟಕ್ಕೆ ಕೂತಾಗ ಆ ಲೋಟ ನನ್ನ ಪಾಲಿಗೆ ಬಂತು. ಒಂದು ಗುಟುಕು ಕುಡಿದೆ.

"ಸರಿಯಾಗಿದೆಯಾ ಮಾವ?"

ಪ್ರಶಾಂತನಿಗೆ ತಡೆಯಲಾಗಲಿಲ್ಲ, ನಗು ಅನ್ನದ ಜೊತೆ ನೆತ್ತಿಗೇರಿ ಕೆಮ್ಮಿದ. ಸಹನಾ ಎದ್ದುಹೋಗಿ ಡಬ್ಬಿ ತಂದು ಸಣ್ಣ ಅಕ್ಷರ ಓದಿದಳು. ಮುಖ ಕೆಂಪಾಯಿತು, ಕಣ್ಣು ತುಂಬಿತು.

"ನಿಮಗೆ ಆಗಲೇ ಗೊತ್ತಾಗಿತ್ತಾ?"

"ಗೊತ್ತಾಗಿತ್ತು."

"ಹೇಳಬಾರದಿತ್ತಾ ಮಾವ?"

"ಮೊಮ್ಮಗನ ಹೆಂಡತಿ ತಂದುಕೊಟ್ಟದ್ದನ್ನು ಅಪ್ಪ ಕುಡಿಯಲು ಹೊರಟಿರುವಾಗ ನಾನು ಹೇಗೆ ಬೇಡ ಅನ್ನುವುದು?"

ಸಹನಾ ಡಬ್ಬಿಯನ್ನು ಮೇಜಿನ ಮೇಲಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಗಂಡನ ಕಡೆ ತಿರುಗಿದಳು.

"ಆ ಪರ್ಮಿಟ್ ಮಾಡಿಸಿ. ಮುಂದಿನ ಆಟಿಗೆ ಸರಿಯಾದ್ದೇ ಇಡೋಣ, ಮಾವ ಹೇಳೋ ಅಮೆರಿಕದ್ದು. ಒಂದೇ ಡಬ್ಬಿ. ಮುತ್ತಾತಂಗೆ ಮಾತ್ರ."

"ಹಾಗಾದರೆ ಇವರಿಗೆ ದಾಳಿಂಬೆಯೇ ಗತಿ," ಎಂದಳು ನನ್ನ ಹೆಂಡತಿ.

ಅವರು ನಗುತ್ತಿರುವಾಗ ನಾನು ಎದ್ದು ಕೋಣೆಯ ಬಾಗಿಲ ಬಳಿ ಹೋದೆ. ಮುಂದಿನ ಆಟಿಗೆ ಪುಟ್ಟಿಗೆ ಇಪ್ಪತ್ತು ತಿಂಗಳು. ನೆಲದಿಂದ ಅಂಗೈಯ ಮೇಲೆ ಅಂಗೈ ಇಟ್ಟು ಅಳೆಯುತ್ತ ಹೋದೆ, ಬಾಗಿಲ ಹಿಡಿಗೆ ಅವಳ ಕೈ ಎಟುಕೀತೋ ಎಂದು.