ಹೆನ್ರಿಕ್ ಹೊತ್ತಿಸಿಹೋದ ಒಲೆ

ಗ್ಯಾಸ್ ಒಲೆಯ ಉರಿಯ ಬಣ್ಣವನ್ನು ನಿಂತು ನೋಡುವಷ್ಟು ವ್ಯವಧಾನ ನಿಮಗುಂಟೋ ಇಲ್ಲವೋ ಕಾಣೆ. ತೊಂಬತ್ತರ ದಶಕದಲ್ಲಿ ವಡೋದರದ ಬಳಿಯ ಕೊಯಾಲಿಯಲ್ಲಿ ರಿಫೈನರಿಯ ನೌಕರನಾಗಿ ಅದರ ಟೌನ್‌ಶಿಪ್ಪಿನಲ್ಲಿದ್ದ ನನಗೆ, ಹಾಲು ಕಾಯಿಸುವ ಗೃಹಕೃತ್ಯ ಪಾಲಿಗೆ ಬಂದಿದ್ದರಿಂದ, ಆ ನೀಲಜ್ವಾಲೆ ನಿತ್ಯದರ್ಶನವಾಗಿತ್ತು. ಕಾರ್ಖಾನೆಯ ಒತ್ತಡಗಳನ್ನೆಲ್ಲ ಹತೋಟಿಯಲ್ಲಿಟ್ಟು ಬಂದವನ ಎದುರಿಗೇ ಹಾಲು ಉಕ್ಕಿ ಚೆಲ್ಲುತ್ತಿತ್ತು, ಆ ಮಾತು ಬೇರೆ.

ಟೌನ್‌ಶಿಪ್ಪಿನ ಗೋಡೆಯಾಚೆಯ ಹಳ್ಳಿಗೆ ಆ ಉರಿ ತಲುಪಿರಲಿಲ್ಲ. ನನ್ನ ಹೆಂಡತಿ ಶಾರದೆಗೆ ಗುಜರಾತಿ ಕಲಿಸುತ್ತಿದ್ದ ಅಲ್ಲಿನ ಶಾಲಾ ಶಿಕ್ಷಕಿ ಕಮಲಾಬೇನ್, ಅತ್ತೆಯ ಎಡೆಬಿಡದ ಕೆಮ್ಮನ್ನು ಕೇಳುತ್ತ ಸೌದೆಯ ಹೊಗೆಯಲ್ಲೇ ರೊಟ್ಟಿ ಬೇಯಿಸುತ್ತಿದ್ದರು. ಜಗತ್ತಿನ ನಾಯಕರೆಲ್ಲ ಒಂದೆಡೆ ಕಲೆತು ಭೂಮಿಯ ಭವಿಷ್ಯ ಕುರಿತು ನಿರ್ಣಯಗಳನ್ನು ಮಾಡಿದ್ದ ಕಾಲ. 'ಸುಸ್ಥಿರ ಅಭಿವೃದ್ಧಿ' ಎಂಬ, ನಾಲಗೆಯ ಮೇಲೆ ಕೊಂಚ ಅಸ್ಥಿರವಾದ, ಪದ ನನ್ನ ಕಿವಿಗೆ ಮೊದಲು ಬಿದ್ದದ್ದು ಆಗಲೇ. ಅದರ ಹಿಂದೆಯೇ ಉತ್ತರ ಯುರೋಪಿನಿಂದ ಹೆನ್ರಿಕ್ ಎಂಬ ಎಂಜಿನಿಯರ್ ವಿದೇಶಿ ನೆರವಿನ ಯೋಜನೆಯೊಂದರಡಿ ಹಳ್ಳಿಗೆ ಗೋಬರ್ ಗ್ಯಾಸ್ ಸ್ಥಾವರ ಕಟ್ಟಲು ಬಂದ. ಶಾರದೆಯ ಸಾರು ಕುಡಿದು ಕಣ್ಣೀರು ಸುರಿಸುತ್ತಲೇ "ಇನ್ನೊಂದು ಲೋಟ" ಎನ್ನುತ್ತಿದ್ದ. ಕಮಲಾಬೇನ್ ಜೊತೆ ಮೊಣಕೈವರೆಗೆ ಸಗಣಿ ಕಲಸುತ್ತಿದ್ದ. ಅವನ ಇಂಗ್ಲಿಷಿಗೂ ಅವರ ಗುಜರಾತಿಗೂ ನಡುವೆ ನನ್ನ ಧಾರವಾಡದ ಹಿಂದಿ ಸೇತುವೆಯಾಗಿತ್ತು. ಜಾಗತಿಕ ಸಹಕಾರವೆಂದರೆ ಇದೇ ಎಂದು ನಾನು ಬೀಗಿದ್ದೆ.

ಕಮಲಾಬೇನ್ ಮನೆಯಲ್ಲಿ ನೀಲಿ ಉರಿ ಹೊತ್ತಿದ ದಿನ ಒಲೆಯ ಮುಂದೆ ಕುಳಿತ ಅವರ ಫೋಟೋವನ್ನು ಹೆನ್ರಿಕ್ ತೆಗೆದ. ಅತ್ತೆಯ ಕೆಮ್ಮು ಕ್ರಮೇಣ ತಗ್ಗಿತು. "ಮುದುಕಿ ರಾತ್ರಿ ಗೊರಕೆ ಹೊಡೀತಾರಂತ್ರೀ!" ಎಂದು ಶಾರದೆ ಶುಭವಾರ್ತೆ ತಂದಳು.

ಅವಧಿ ಮುಗಿದು ಹೆನ್ರಿಕ್ ಹೊರಟುಹೋದ. ಮರುವರ್ಷ ಸ್ಥಾವರದ ವಿದೇಶಿ ವಾಲ್ವ್ ಕೆಟ್ಟಿತು. ಅದನ್ನು ಚೀಲದಲ್ಲಿಟ್ಟುಕೊಂಡು ನಾನು ವಡೋದರದ ಲೇತ್ ಅಂಗಡಿಗಳನ್ನೆಲ್ಲ ಸುತ್ತಿದೆ. ಒಬ್ಬರು ಮಾಡಿಕೊಟ್ಟದ್ದು ಸೋರಿತು. ಹೆದರಿದ ಹಳ್ಳಿಯವರು ಸ್ಥಾವರವನ್ನೇ ನಿಲ್ಲಿಸಿದರು. ಸೌದೆ ಮರಳಿತು, ಕೆಮ್ಮೂ ಮರಳಿತು.

ಕೊನೆಗೆ ಕಮಲಾಬೇನ್ ಮತ್ತು ನಾನು ಅಹಮದಾಬಾದಿನ ನವರಂಗಪುರದಲ್ಲಿದ್ದ ಯೋಜನೆಯ ಕಚೇರಿಗೆ ಹೋದೆವು. ಅಲ್ಲಿನ ಅಧಿಕಾರಿ ಸಜ್ಜನ; ಚಹಾ ತರಿಸಿದರು. "ಹೆನ್ರಿಕ್ ಸಾಹೇಬರು ಆಫ್ರಿಕಾಕ್ಕೆ ಹೋದರು. ನಿಮ್ಮ ಯೋಜನೆ ಯಶಸ್ವಿಯಾಗಿ ಮುಗಿದಿದೆ, ಬೇನ್. ಮುಗಿದದ್ದಕ್ಕೆ ರಿಪೇರಿ ಹೇಗೆ ಮಾಡಿಸಲಿ?" ಎನ್ನುತ್ತ ಹೊಸ ವರ್ಷದ ಕ್ಯಾಲೆಂಡರ್ ಕೊಟ್ಟರು. ಮೇಲ್ಪುಟದಲ್ಲಿ ನೀಲಿ ಉರಿಯ ಮುಂದೆ ನಗುತ್ತಿದ್ದ ಹೆಂಗಸನ್ನು ಕಮಲಾಬೇನ್ ದಿಟ್ಟಿಸಿದರು.

"ಇದು ನಾನು," ಎಂದರು.

"ಹೌದಾ? ಹಾಗಾದರೆ ಎರಡು ತಗೊಳ್ಳಿ!"

ಚಿತ್ರದಡಿ ಯಾವುದೋ ಪರಭಾಷೆಯ ಸಾಲೊಂದಿತ್ತು. ಮರಳುವಾಗ ರೈಲಿನಲ್ಲಿ ಕಮಲಾಬೇನ್ "ಏನು ಬರೆದಿದ್ದಾರೆ, ಭಾಯಿ?" ಎಂದು ಕೇಳಿದರು. ಹೆಸರಾಂತ ದುಭಾಷಿಯಾದ ನಾನು ಆ ಭಾಷೆ ನನಗೂ ಬಾರದೆಂದೆ.

ಅವರು ಕ್ಯಾಲೆಂಡರೊಂದನ್ನು ಸುರುಳಿ ಸುತ್ತಿ ನನ್ನ ಕೈಗಿತ್ತರು. "ಹೆನ್ರಿಕ್‌ಭಾಯಿ ಎಂದಾದರೂ ನಿಮ್ಮಲ್ಲಿಗೆ ಊಟಕ್ಕೆ ಬಂದರೆ ಕೊಡಿ. ವಾಲ್ವಿನ ವಿಷಯ ಮಾತ್ರ ಹೇಳಬೇಡಿ. ಪಾಪ, ನೊಂದುಕೊಳ್ಳುತ್ತಾರೆ."

ವಡೋದರ ಬರುವವರೆಗೂ ನಾನು ಆ ಸುರುಳಿಯನ್ನು ಬಿಚ್ಚಲಿಲ್ಲ.