ಗೋಡೆಯ ಮೇಲೆ ಬರೆದ ತಾರೀಖು

ಕಳೆದ ತಿಂಗಳು ಸಿಂಗಟಗೆರೆಯಲ್ಲಿ ನನ್ನ ಅಕ್ಕನ ಮಗ ಬಸವರಾಜ ಮನೆಗೆ ಸುಣ್ಣ ಹೊಡೆಸುತ್ತಿದ್ದ. ಹಳೆಯ ಪದರ ಕೆರೆದಾಗ ಬಾಗಿಲ ಹಿಂದಿನ ಗೋಡೆಯಲ್ಲಿ ಕಪ್ಪು ಗೆರೆಯ ಒಂದು ಚೌಕ ಕಾಣಿಸಿತು. ಒಳಗೆ ಸಾಲಾಗಿ ತಾರೀಖುಗಳು, ಪಕ್ಕದಲ್ಲಿ ಮೊಟಕು ಸಹಿ. "ಮಾವ, ಇದೇನಿದು?" ಎಂದ. ಅಕ್ಷರ ನನ್ನದೇ.

ನಿಮಗೆ ಐವತ್ತು ದಾಟಿದ್ದರೆ ಆ ಚೌಕ ನೆನಪಿರಬಹುದು. ಹದಿನೈದು ದಿನಕ್ಕೊಮ್ಮೆ ಮಲೇರಿಯಾದವನೊಬ್ಬ ಮನೆಮನೆಗೆ ಬಂದು, "ಯಾರಿಗಾದ್ರೂ ಜ್ವರ ಬಂದಿತ್ತಾ?" ಎಂದು ಕೇಳುತ್ತಿದ್ದ. ಬಂದಿದ್ದರೆ ಬೆರಳಿಗೆ ಸೂಜಿ ಚುಚ್ಚಿ, ಗಾಜಿನ ಚೂರಿನ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡು, ಮಾತ್ರೆ ಕೊಟ್ಟು, ಬಂದದ್ದಕ್ಕೆ ಗುರುತಾಗಿ ಗೋಡೆಯಲ್ಲಿ ತಾರೀಖು ಬರೆದು ಹೋಗುತ್ತಿದ್ದ. ಎಪ್ಪತ್ತರ ದಶಕದ ಕೊನೆಯಲ್ಲಿ ಈ ಸುತ್ತಿನ ಹಳ್ಳಿಗಳಿಗೆ ಆ ಮನುಷ್ಯ ನಾನು. ಮಕ್ಕಳು ನನ್ನನ್ನು ಕಂಡರೆ "ಸೂಜಿಯಪ್ಪ ಬಂದ" ಎಂದು ಓಡುತ್ತಿದ್ದರು. ನನ್ನ ನಲವತ್ತೈದು ಕೇಜಿ ಮೈಗೆ ಹೆದರಿದವರು ಅವರಷ್ಟೇ.

ಇಬ್ಬರ ಕೆಲಸ ನನ್ನೊಬ್ಬನ ಮೇಲಿತ್ತು. ಸೈಕಲ್ ನನ್ನದೇ. ಜಾಲಿ ಮುಳ್ಳಿನ ದಾರಿಯಲ್ಲಿ ವಾರಕ್ಕೆರಡು ಪಂಕ್ಚರ್. ಆರೋಗ್ಯ ಕೇಂದ್ರದಲ್ಲಿ ಮಾತ್ರ ಹೇಗೆ ಹೋದೆ ಎಂದು ಯಾರೂ ಕೇಳುತ್ತಿರಲಿಲ್ಲ. ರಕ್ತದ ಸ್ಲೈಡು ಎಷ್ಟು ಎಂದಷ್ಟೇ ಕೇಳುತ್ತಿದ್ದರು. ಕಮ್ಮಿಯಾದರೆ ಮೆಮೊ. ಕಾಗದ ದಪ್ಪವಾಗಿರುತ್ತಿದ್ದುದರಿಂದ ನನ್ನ ಹೆಂಡತಿ ಅವನ್ನು ಅಡುಗೆಮನೆಯ ಗೂಡಿಗೆ ಹಾಸಿದ್ದಳು.

ಹಾಗಾಗಿ ನಾನೂ ಉಪಾಯ ಕಲಿತೆ. ನನ್ನ ಬೆರಳನ್ನೇ ಚುಚ್ಚಿಕೊಂಡು ಐದಾರು ಸ್ಲೈಡು ಮಾಡಿ ಊರವರ ಹೆಸರು ಬರೆಯುತ್ತಿದ್ದೆ. ಸೈಕಲ್ಲಿನ ಚಕ್ರ ಸೊಟ್ಟಗಾಗಿ ಮೂಲೆ ಸೇರಿದ ಮೇಲೆ ದೂರದ ಒಂದು ಹಟ್ಟಿಯ ಗೋಡೆಗಳಲ್ಲಿ ಒಂದೇ ಸಲಕ್ಕೆ ಎರಡು ತಾರೀಖು ಬರೆದುಬಿಟ್ಟೆ. ಅಂದಿನದು, ಮತ್ತೆ ಹದಿನೈದು ದಿನ ಬಿಟ್ಟು ಬರುವುದು.

ಆ ದಿನಗಳಲ್ಲೇ ಕೇಂದ್ರಕ್ಕೆ ಹೊಸ ಡಾಕ್ಟರಮ್ಮ ಬಂದರು. ಒಂದು ದಿನ ಜೀಪಿನಲ್ಲಿ ನನ್ನನ್ನು ಕೂರಿಸಿಕೊಂಡು ಆ ಹಟ್ಟಿಗೇ ಹೊರಟರು. ಮೊದಲ ಮನೆಯ ಗೋಡೆ ನೋಡಿ, "ಮೊನ್ನೆ ಬಂದಿದ್ರಾ?" ಎಂದರು.

"ಹೌದು ಮೇಡಂ."

ಒಳಗಿನಿಂದ ಮುದುಕಿಯೊಬ್ಬಳು ಹೊರಗೆ ಬಂದಳು. "ಎಲ್ಲಿ ಬಂದಿದ್ದೆ ಕಣಪ್ಪ? ಹೋದ್ ಸಲವೇ ಎರಡೂ ಬರ್ದು ಹೋದ್ಯಲ್ಲ. ಸೊಸೆಗೆ ಆರು ದಿನದಿಂದ ಚಳಿಜ್ವರ. ನೀನು ಬತ್ತೀಯ ಅಂತ ಕಾದ್ವಿ."

ಸೊಸೆ ರಂಗಮ್ಮ ಎರಡು ಕಂಬಳಿ ಹೊದ್ದು ನಡುಗುತ್ತಿದ್ದಳು. ಏಳು ತಿಂಗಳ ಬಸುರಿ. ಅದೇ ಜೀಪಿನಲ್ಲಿ ಕಡೂರಿನ ಆಸ್ಪತ್ರೆಗೆ ಕರೆದೊಯ್ದೆವು. ಅವಳು ಉಳಿದಳು. ಮಗು ಉಳಿಯಲಿಲ್ಲ.

ವಾಪಸು ಬರುವಾಗ ಡಾಕ್ಟರಮ್ಮ, "ನಿಮ್ಮ ಸೈಕಲ್ ಎಲ್ಲಿ?" ಎಂದರು.

"ಮುರಿದು ಮೂರು ತಿಂಗಳಾಯ್ತು."

"ಯಾರಿಗೆ ಹೇಳಿದ್ರಿ?"

"ಕೇಳಿದವರಿಲ್ಲ ಮೇಡಂ."

"ನಿಮಗೆ ಮೆಮೊ ಕೊಡ್ತೀನಿ. ಬಿಡೋ ಹಾಗಿಲ್ಲ. ಆದರೆ ನಾನು ಬಂದು ಒಂದು ತಿಂಗಳಾಯ್ತು, ನಾನೂ ಕೇಳಿಲ್ಲ. ಅದನ್ನೂ ಮೇಲಕ್ಕೆ ಬರೀತೀನಿ."

ಎರಡನ್ನೂ ಬರೆದರು. ಮುಂದಿನ ಸೋಮವಾರದ ಮೀಟಿಂಗಿನಲ್ಲಿ ಲೆಕ್ಕದ ಪುಸ್ತಕ ತೆರೆಯಲೇ ಇಲ್ಲ. "ಈ ವಾರ ಯಾವ ಮನೆಗೆ ಹೋಗೋಕಾಗ್ಲಿಲ್ಲ? ಯಾಕೆ?" ಎಂದರು. ಮೊದಲು ನರ್ಸ್ ಶಾರದಮ್ಮ, "ಸ್ಟವ್‌ಗೆ ಸೀಮೆಎಣ್ಣೆ ಬಂದು ಎಷ್ಟು ದಿನ ಆಯ್ತೋ ಕಣ್ರೀ. ಬಾಣಂತಿ ಮನೆ ಒಲೆ ಮೇಲೆ ಸಿರಿಂಜ್ ಕುದಿಸ್ತಿದ್ದೀನಿ," ಎಂದಳು. ಆಮೇಲೆ ಯಾರ ಬಾಯನ್ನೂ ಮುಚ್ಚಿಸಲಾಗಲಿಲ್ಲ.

ಎಲ್ಲವೂ ಸರಿಹೋಯಿತೆನ್ನಲಾರೆ. ಇನ್ನೊಬ್ಬ ಕೆಲಸಗಾರ ಬರಲು ವರ್ಷ ಹಿಡಿಯಿತು. ಆದರೆ ಸೀಮೆಎಣ್ಣೆ ಬಂತು, ನನ್ನ ಚಕ್ರ ರಿಪೇರಿಯಾಯಿತು, ಸಂತೆಯ ದಿನ ಜೀಪು ನನ್ನನ್ನು ಹಟ್ಟಿಯ ತಿರುವಿನಲ್ಲಿ ಇಳಿಸಿ ಹೋಗತೊಡಗಿತು. ಸ್ಲೈಡುಗಳ ಸಂಖ್ಯೆ ಅರ್ಧಕ್ಕಿಳಿಯಿತು. ಜಿಲ್ಲೆಯಿಂದ ವಿವರಣೆ ಕೇಳಿದಾಗ ಡಾಕ್ಟರಮ್ಮ, "ಇದು ನಿಜವಾದ ಸಂಖ್ಯೆ," ಎಂದು ಬರೆದು ತಮ್ಮ ಹೆಸರಲ್ಲೇ ಕಳಿಸಿದರು. ಆ ಅರ್ಧದಲ್ಲಿ ನಿಜವಾದ ಜ್ವರಗಳು ಸಿಕ್ಕವು.

ರಂಗಮ್ಮನ ಮನೆಗೆ ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಅವಳು ಬಾಗಿಲ ಸಂದಿಯಿಂದಲೇ "ಯಾರಿಗೂ ಇಲ್ಲ" ಎನ್ನುತ್ತಿದ್ದಳು. ಎರಡು ವರ್ಷವಾದರೂ ನನ್ನ ಮುಖ ನೋಡಲಿಲ್ಲ. ಆಮೇಲೆ ಡಾಕ್ಟರಮ್ಮನಿಗೆ ವರ್ಗವಾಯಿತು. ನನಗೂ ಬಡ್ತಿ ಸಿಕ್ಕಿ ಅಜ್ಜಂಪುರದ ಕಡೆ ಹಾಕಿದರು. ಅಲ್ಲಿ ನನ್ನ ಕೈಕೆಳಗೆ ಆರು ಜನ. ಅವರಿಗೆ ನಾನೂ ಮೆಮೊ ಕೊಟ್ಟಿದ್ದೇನೆ. ಕೆಲವು ಸಲ ಮೊದಲು ಕಾರಣ ಕೇಳಿದ್ದೇನೆ, ಕೆಲವು ಸಲ ಕೇಳಿಲ್ಲ.

ಇದಿಷ್ಟನ್ನೂ ಬಸವರಾಜನಿಗೆ ಹೇಳಿದೆ. ಹೆಂಡತಿಗೂ ಹೇಳಿರಲಿಲ್ಲ. ಮಾವ ದುಡಿದ ಕಥೆ ಕೇಳಲು ಕೂತವನು ಬೈಕಿನ ಕೀಲಿ ತೆಗೆದುಕೊಂಡ. "ರಂಗಮ್ಮ ಇನ್ನೂ ಹಟ್ಟೀಲೇ ಅವ್ರೆ ಮಾವ. ಬೈಕಲ್ಲಿ ಅರ್ಧ ಗಂಟೆ," ಎಂದ.

"ಹೋಗಿ ಏನು ಹೇಳ್ಲೋ?"

"ನಂಗೇನು ಗೊತ್ತು? ಹತ್ತಿ ಕೂತ್ಕೊಳ್ಳಿ."

ಹೊರಗೆ ಬಿಸಿಲಿತ್ತು. ಚಪ್ಪಲಿ ಮೆಟ್ಟಿಕೊಂಡೆ.